ಗುಂಡಿ ಡಬ್ಬಿಯ ಗುಳಿಗೆ

ನ್ಯಾಮತಿಯ ಪೇಟೆ ಬೀದಿಯಲ್ಲಿದ್ದ ಪಂಚಾಕ್ಷರಪ್ಪನ ಹೊಲಿಗೆ ಅಂಗಡಿಯೊಳಗೆ ರವಿಕೆ ಬಟ್ಟೆ ಕಾಲಿಡಕೂಡದು ಎಂಬುದು ಮೂವತ್ತು ವರ್ಷದಿಂದ ನಡೆದುಬಂದ ಕಾನೂನು. ಅಂಗಿ, ಪೈಜಾಮ, ಕೋಟು, ಅಷ್ಟೆ. ಯಾರಾದರೂ ಅಂಗಿ ಬಟ್ಟೆಯ ಜೊತೆ ಹೆಂಡತಿಯ ಜಂಪರ್ ಬಟ್ಟೆಯನ್ನೂ ತಂದರೆ ಅದನ್ನು ಕತ್ತರಿ ತುದಿಯಿಂದ ಎತ್ತಿ ಪಕ್ಕಕ್ಕಿಟ್ಟು, "ಅದು ಒಳಗೆ" ಎನ್ನುತ್ತಿದ್ದ. ಒಳಗೆ ಎಂದರೆ ಅಂಗಡಿಯ ಹಿಂದಿನ ಮನೆ. ಅಲ್ಲಿ ಪಡಸಾಲೆಯ ಕಿಟಕಿ ಪಕ್ಕ ಅವನ ಹೆಂಡತಿ ಶಿವಗಂಗಮ್ಮ ಒಂದು ಕೈಮಿಷಿನ್ನು ಇಟ್ಟುಕೊಂಡು ಊರ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಅಂಗಡಿಗೂ ಮನೆಗೂ ನಡುವೆ ಒಂದು ಪರದೆ. ಕಾಫಿ ಲೋಟ ಕೊಡಲು ಅವಳ ಕೈ ಆ ಪರದೆ ದಾಟುತ್ತಿತ್ತೇ ಹೊರತು ಅವಳು ದಾಟಿದವಳಲ್ಲ.

"ನಿಂದೂ ಒಂದು ಹೊಲಿಗೆನಾ?" ಎಂದು ಅವನು ಛೇಡಿಸುತ್ತಿದ್ದ. "ಟೇಪು ಹಿಡಿಯಂಗಿಲ್ಲ, ಅಳತೆ ಬರಿಯಂಗಿಲ್ಲ. ಹಳೇ ರವಿಕೆ ತಂದು ಕೊಡ್ತಾರೆ, ಅದ್ನ ಬಟ್ಟೆ ಮೇಲಿಟ್ಟು ಕತ್ತರಿಸ್ತೀಯ."

"ಕತ್ತರ್ಸಿ ನೋಡ್ರಿ ಒಂದು, ಗೊತ್ತಾಗ್ತೈತೆ" ಎನ್ನುತ್ತಿದ್ದಳು ಅವಳು. ಅವನು ನೋಡಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅವನಿಗೆ ಮೂತ್ರ ಕಟ್ಟಿತು. ಅದಕ್ಕೂ ಮೊದಲಿಂದ ಸೊಂಟನೋವಿತ್ತು, ದರ್ಜಿಗೆ ಸೊಂಟನೋವು ಹೊಸದೇ ಎಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ನಳಿಗೆ ಹಾಕಿ, ಕೊಯ್ದು, ಪರೀಕ್ಷೆ ಮಾಡಿದ ಡಾಕ್ಟರು ಗಂಡ, ಹೆಂಡತಿ, ಮಗ ಮೂವರನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದರು. ಮೂತ್ರಕೋಶದ ಕೆಳಗಿನ ಗ್ರಂಥಿಯಲ್ಲಿ ಕ್ಯಾನ್ಸರ್, ಬೆನ್ನುಮೂಳೆಗೂ ಇಳಿದಿದೆ. ಗಂಡಸಿನ ಮೈಯಲ್ಲಿ ಹುಟ್ಟುವ ರಸವೇ ಈ ಗಡ್ಡೆಗೆ ಗೊಬ್ಬರ. ಅದನ್ನು ನಿಲ್ಲಿಸಲು ಎರಡು ದಾರಿ: ಬೀಜ ತೆಗೆದುಹಾಕುವುದು, ಇಲ್ಲವೇ ದಿನಕ್ಕೊಂದು ಗುಳಿಗೆ, ಬದುಕಿರುವವರೆಗೆ. ಗುಳಿಗೆಯಲ್ಲಿರುವುದು ಹೆಂಗಸರ ಮೈಯ ರಸದಂಥದ್ದು.

"ಬೀಜ ಒಡೆಸ್ಕೊಳ್ಳಾಕೆ ನಾನೇನು ಹೋರಿನಾ?" ಎಂದ ಪಂಚಾಕ್ಷರಪ್ಪ. "ಗುಳಿಗೆ ಕೊಡ್ರಿ."

ಬಿಳಿಯ, ಚಿಕ್ಕ ಗುಳಿಗೆ. ನುಂಗಿದ್ದೇ ಗೊತ್ತಾಗುತ್ತಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಸೊಂಟನೋವು ಇಳಿದು ಅವನು ಮತ್ತೆ ಮಿಷಿನ್ ತುಳಿಯತೊಡಗಿದ. ಶಿವಗಂಗಮ್ಮ ತೀರ್ಥರಾಮೇಶ್ವರಕ್ಕೆ ಹರಕೆ ಹೊತ್ತಳು.

ಎರಡನೇ ತಿಂಗಳಿಗೆ ಗುಳಿಗೆಯ ಮೊದಲ ಆಟ ಶುರುವಾಯಿತು. ಮಧ್ಯಾಹ್ನ ಊಟಕ್ಕೆ ಕೂತಿದ್ದ. ರೊಟ್ಟಿಯ ಪಕ್ಕ ಬದನೆಕಾಯಿ ಎಣ್ಣೆಗಾಯಿ ಬಡಿಸಿ ಅವಳು ಇನ್ನೂ ಕೈ ತೆಗೆದಿರಲಿಲ್ಲ, ಅವನ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಬೋಳುತಲೆಯಿಂದ ಬೆವರು ತಟ್ಟೆಗೆ ತೊಟ್ಟಿಕ್ಕಿತು.

"ಎಷ್ಟು ಖಾರ ಸುರಿದೀಯೇ ಇದಕ್ಕೆ!"

"ಖಾರ ಅಲ್ಲ ರೀ ಅದು. ಎದೆಯಿಂದ ಎದ್ದು ಕುತ್ತಿಗೆಗೆ ಬಂತಾ? ಅಲ್ಲಿಂದ ತಲೆಗೆ ಹತ್ತಿತಾ?"

"ಹೂಂ."

"ಎರಡು ನಿಮಿಷ ತಡೀರಿ, ಇಳೀತೈತೆ. ಇಳಿದ ಮೇಲೆ ಚಳಿ ಆಗ್ತೈತೆ ನೋಡ್ರಿ."

ಹಾಗೆಯೇ ಆಯಿತು. ಚಳಿಗೆ ಟವೆಲು ಹೊದ್ದುಕೊಂಡು ಅವನು ಹೆಂಡತಿಯನ್ನು ದಿಟ್ಟಿಸಿದ.

"ನಿಂಗೆ ಹೆಂಗೆ ಗೊತ್ತು?"

"ನಂಗೆ ನಾಲ್ಕು ವರ್ಷದಿಂದ ದಿನಾ ಬರ್ತೈತಲ್ಲ. ನೀವೇ ಅಲ್ವಾ, ಇವಳಿಗೆ ಗಾಳಿ ಹೊಕ್ಕೈತೆ, ಬೇವಿನ ಸೊಪ್ಪಲ್ಲಿ ನಾಲ್ಕು ಬಾರಿಸ್ರಿ ಅಂದೋರು?"

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಕಲ್ಲಮ್ಮ, ಪಂಚಾಕ್ಷರಪ್ಪನ ಎಂಬತ್ತೆರಡು ವರ್ಷದ ತಾಯಿ, ಕುಟ್ಟುವುದನ್ನು ನಿಲ್ಲಿಸದೆಯೇ "ಮಾಡಿದ್ದುಣ್ಣೋ ಮಹಾರಾಯ" ಎಂದಳು. ಅಂದಿನಿಂದ ಮನೆಯಲ್ಲಿ ಬೀಸಣಿಗೆ ಎರಡಾದವು.

ಸೆಕೆಯಾದರೆ ಬೀಸಿಕೊಳ್ಳಬಹುದು. ಆಮೇಲೆ ಬಂದದ್ದಕ್ಕೆ ಬೀಸಣಿಗೆ ಇರಲಿಲ್ಲ. ಪಾದ ಊದಿಕೊಂಡು ಚಪ್ಪಲಿ ಹಿಡಿಸದಾಯಿತು. ಉಪ್ಪು ಕಡಿಮೆ ಮಾಡಿ ಎಂದರು ಡಾಕ್ಟರು. ಉಪ್ಪಿಲ್ಲದ ಸಾರಿನ ಬಟ್ಟಲನ್ನು ಅವನು ಮೂರು ದಿನ ಹಿಂದಕ್ಕೆ ತಳ್ಳಿದ, ನಾಲ್ಕನೇ ದಿನ ಅವಳು ಇಡೀ ಮನೆಗೇ ಉಪ್ಪು ಕಡಿಮೆ ಮಾಡಿದಳು. "ಒಬ್ಬರ ನಾಲಿಗೆ ಕೆಟ್ರೆ ಎಲ್ಲಾರದ್ದೂ ಕೆಡ್ಲಿ" ಎಂದಳು. ಮಗ ನಾಗರಾಜಪ್ಪ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬರತೊಡಗಿದ.

ಶ್ರಾವಣದ ಮೊದಲ ಸೋಮವಾರ ಅವನು ಬರಿಮೈಯಲ್ಲಿ ಪೂಜೆಗೆ ಕೂತಿದ್ದ. ಹೂ ಕೊಡಲು ಬಂದ ಶಿವಗಂಗಮ್ಮ ನೋಡಿದಳು. ಕೊರಳಿನ ಶಿವದಾರದಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಎದೆಗೆ ತಾಗಿದ್ದೇ ತಡ, ಅವನು ತುಟಿ ಕಚ್ಚಿ ನೋವು ತಡೆದುಕೊಂಡ. ಎದೆಯ ಎರಡು ಕಡೆಯೂ ಉಬ್ಬಿ, ತೊಟ್ಟಿನ ಸುತ್ತ ಕಪ್ಪೇರಿತ್ತು. ಅವಳು ಕಂಡಳೆಂದು ಗೊತ್ತಾದೊಡನೆ ಅವನು ಶಲ್ಯ ಎಳೆದುಕೊಂಡು ಗೋಡೆಗೆ ಮುಖ ಮಾಡಿದ.

"ಯಾವಾಗಿಂದ?"

"ಹೋಗೆ ಅತ್ಲಾಗೆ."

ಅವಳು ಹೋಗಲಿಲ್ಲ. ಹಿಂದೆ ಕೂತು ಶಿವದಾರದ ಗಂಟು ಬಿಚ್ಚಿ, ನಾಲ್ಕು ಬೆರಳು ಮೇಲಕ್ಕೆ ಗಂಟು ಹಾಕಿದಳು. ಲಿಂಗ ಗಂಟಲ ಕುಳಿಯ ಹತ್ತಿರ ನಿಂತಿತು.

"ಅಲ್ಲಿದ್ರೂ ಶಿವನೇ" ಎಂದಳು. ಅವನು ಹೂವಿಗೆ ಕೈ ಚಾಚಿದ.

ಇದೇ ಹೊತ್ತಿಗೆ ನಾಗರಾಜಪ್ಪನಿಗೆ ಚನ್ನಗಿರಿಯಿಂದ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗಿಯ ತಂದೆ ಮಹೇಶ್ವರಪ್ಪನಿಗೆ ಅಲ್ಲಿ ಜವಳಿ ಅಂಗಡಿ. ಜವಳಿಯವರಿಗೆ ದರ್ಜಿ ಸಂಬಂಧ, ಹೇಳಿ ಮಾಡಿಸಿದ ಹಾಗಿತ್ತು. ನಾಗರಾಜಪ್ಪ ಬೆಲ್‌ಬಾಟಮ್ ಹೊಲಿಯುವುದರಲ್ಲಿ ಹೆಸರು ಮಾಡಿದ್ದ ಇಪ್ಪತ್ತೇಳರ ಹುಡುಗ. ಕೆಟ್ಟವನಲ್ಲ, ಪುಕ್ಕಲ. ಒಂದು ರಾತ್ರಿ ಊಟದಲ್ಲಿ ಅವನು ತಟ್ಟೆ ನೋಡಿಕೊಂಡೇ ಮಾತು ತೆಗೆದ.

"ಅಪ್ಪಾ, ನಿಶ್ಚಿತಾರ್ಥ ಆಗೋಗಂಟ ಆ ಗುಳಿಗೆ ನಿಲ್ಸಿಬಿಡು."

"ಒಂದಿನಾನೂ ಬಿಡಬಾರ್ದು ಅಂದವ್ರೆ ಡಾಕ್ಟ್ರು" ಎಂದಳು ಶಿವಗಂಗಮ್ಮ.

"ಎರಡು ತಿಂಗ್ಳು ಅವ್ವ! ಅಯ್ಯನೋರ ಪಾದಪೂಜೆಗೆ ಬೀಗರ ಮುಂದೆ ಅಪ್ಪ ಬರಿಮೈಯಾಗೆ ಕೂರ್ಬೇಕು. ಅಂಗಿ ಹಾಕ್ಕಂಡ್ರೂ ಕಾಣ್ತೈತೆ ಈಗ. ಅಂಗಡಿಗೆ ಬಂದೋರು ಅಪ್ಪನ ಮುಖ ನೋಡಲ್ಲ, ಕೆಳಗೆ ನೋಡ್ತಾರೆ. ನಂಗೆ ಹೆಂಗಾಗ್ತೈತೆ ಗೊತ್ತಾ?"

"ನಿಂಗೆ ಹೆಂಗಾಗ್ತೈತೆ? ಮೂಳೆ ನೋಯೋದು ನಿಂಗೋ ಅವರಿಗೋ?"

"ಎರಡು ಎದೆ ಇದ್ದೋಳೇ ಕಣೋ ನಿಮ್ಮಪ್ಪನ್ನ ಸಾಕಿದ್ದು" ಎಂದಳು ಕಲ್ಲಮ್ಮ. "ಅದರಾಗೆ ನಾಚಿಕೆಪಡಾದು ಏನೈತೆ?"

"ನಿಂಗೇನೂ ತಿಳಿಯಲ್ಲ, ಸುಮ್ನಿರಜ್ಜಿ!"

ಪಂಚಾಕ್ಷರಪ್ಪ ಅರ್ಧ ಊಟದಲ್ಲಿ ಎದ್ದು ಕೈ ತೊಳೆದ. ಬೈದಿದ್ದರೆ ಶಿವಗಂಗಮ್ಮನಿಗೆ ಸಮಾಧಾನವಾಗುತ್ತಿತ್ತು.

ಮರುದಿನದಿಂದ ಅವನು, "ಗುಳಿಗೆ ಇಲ್ಲಿ ಕೊಡು, ಅಂಗಡೀಲಿ ಕಾಫಿ ಜೊತೆ ನುಂಗ್ತೀನಿ" ಎನ್ನತೊಡಗಿದ. ಅವಳು ಪರದೆಯ ಸಂದಿಯಿಂದ ಲೋಟವನ್ನೂ ಗುಳಿಗೆಯನ್ನೂ ಕೊಡುತ್ತಿದ್ದಳು, ಖಾಲಿ ಲೋಟ ವಾಪಸು ಬರುತ್ತಿತ್ತು. ಸೆಕೆ ಕಡಿಮೆಯಾಯಿತು. ಮೈ ಗುಳಿಗೆಗೆ ಒಗ್ಗಿತು ಎಂದುಕೊಂಡಳು. ಗೌರಿ ಹಬ್ಬ ಕಳೆದ ವಾರ ಅವನು ಬಚ್ಚಲಿನಲ್ಲಿ ಕೂತವನು ಏಳಲಾರದೆ ಗೋಡೆ ಹಿಡಿದುಕೊಂಡದ್ದನ್ನು ಅವಳು ಕಂಡಳು. ಹೋಗಿದ್ದ ಸೊಂಟನೋವು ತಿರುಗಿ ಬಂದಿತ್ತು.

ಆ ವಾರವೇ ನಾಗರಾಜಪ್ಪ ಗುಂಡಿ ಡಬ್ಬಿ ಹಿಡಿದುಕೊಂಡು ಒಳಗೆ ಬಂದ. "ಅವ್ವಾ, ಒಂದೇ ಥರದ ಆರು ಬಿಳಿ ಗುಂಡಿ ಆರಿಸಿಕೊಡು, ಮೇಷ್ಟ್ರ ಅಂಗಿಗೆ ಬೇಕು."

ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಶಿವಗಂಗಮ್ಮ ಅದನ್ನು ಮೊರಕ್ಕೆ ಸುರುವಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬಿಳಿಯವನ್ನು ಬೆರಳಿನಿಂದ ಬೇರೆ ಮಾಡುತ್ತ ಹೋದಳು. ಒಂದು ಗುಂಡಿಗೆ ತೂತು ಇರಲಿಲ್ಲ. ಇನ್ನೊಂದಕ್ಕೂ ಇರಲಿಲ್ಲ. ತೂತಿಲ್ಲದ ಗುಂಡಿ ಒಟ್ಟು ಇಪ್ಪತ್ತಾರು ಸಿಕ್ಕವು.

ಅವಳು ಅವನ್ನು ಅಂಗೈಯಲ್ಲಿ ಹಿಡಿದು, ಗಂಡ ಮಧ್ಯಾಹ್ನದ ಊಟಕ್ಕೆ ಬರುವವರೆಗೂ ಹಾಗೇ ಕೂತಿದ್ದಳು. ಬಂದವನ ತಟ್ಟೆಗೆ ರೊಟ್ಟಿಯ ಬದಲು ಅವನ್ನೇ ಸುರಿದಳು.

"ಇವು ಯಾವ ಅಂಗಿಗೆ ಹೊಲಿಯೋ ಗುಂಡಿ ರೀ?"

ಅವನು ತಟ್ಟೆಯನ್ನೇ ನೋಡಿದ. "ನಾನು ಗಂಡಸಾಗೇ ಸಾಯ್ತೀನಿ. ಬಿಟ್ಬಿಡು."

"ಸಾಯಾದ್ರಾಗೂ ಗಂಡಸು ಹೆಂಗಸು ಅಂತ ಎರಡು ಥರ ಐತಾ? ನಂದು ನಿಂತು ನಾಲ್ಕು ವರ್ಷ ಆತು. ನಾನು ಹೆಂಗಸಲ್ಲ ಅಂತ ನಿಮಗೆ ಯಾವತ್ತಾದ್ರೂ ಅನ್ನಿಸ್ತಾ? ಹೇಳ್ರಿ ಮತ್ತೆ!"

"ಅದೇ ಬೇರೆ, ಇದೇ ಬೇರೆ. ನಮ್ಮ ಆ ಸುಖನೂ ಹೋತಲ್ಲೇ ಗಂಗಾ."

"ಹೋತು. ನಂಗೂ ಗೊತ್ತು, ಪಕ್ಕದಾಗೇ ಮಲಗ್ತೀನಲ್ಲ. ಅದು ಹೋತು ಅಂತ ನಾನು ನಿಮಗೆ ರೊಟ್ಟಿ ಬಡಿಯಾದು ಬಿಟ್ನಾ? ನೀವು ಸತ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಈ ಮುದುಕಿ ಜೊತೆನಾ?"

"ನನ್ನ ಯಾಕೆ ಎಳೀತೀಯೇ?" ಎಂದಳು ಕಲ್ಲಮ್ಮ ಮೂಲೆಯಿಂದ.

ಶಿವಗಂಗಮ್ಮನಿಗೆ ಅಳು ಬಂದೇಬಿಟ್ಟಿತು. ಮೂವತ್ತು ವರ್ಷದಲ್ಲಿ ಅವನೆದುರು ಅತ್ತದ್ದು ಅವಳಿಗೆ ನೆನಪಿರಲಿಲ್ಲ. ಅವನು ಗಾಬರಿಯಾಗಿ, ಗುಳಿಗೆಗಳನ್ನು ತಟ್ಟೆಯ ಅಂಚಿಗೆ ಸರಿಸುತ್ತ, ಸಣ್ಣ ದನಿಯಲ್ಲಿ ಹೇಳಿದ:

"ನೋವು ಕಣೇ. ಕತ್ತರಿಸಾಕೆ ಹಲಗೆ ಮೇಲೆ ಬಗ್ಗಿದ್ರೆ ಅಂಗಿ ತಾಗಿ ಸೂಜಿ ಚುಚ್ಚಿದಂಗಾಗ್ತೈತೆ. ನಾನು ಹೆಂಗೆ ಕೆಲಸ ಮಾಡ್ಲಿ?"

"ಇದನ್ನ ಮೊದ್ಲೇ ಬಾಯಿಬಿಟ್ಟು ಹೇಳಾಕೆ ಏನಾಗಿತ್ತು?" ಅವಳು ಸೆರಗಿನಿಂದ ಮೂಗೊರೆಸಿಕೊಂಡು ಎದ್ದಳು. "ಅದಕ್ಕೆ ನನ್ನತ್ರ ಔಷಧ ಐತೆ. ಅಳತೆ ಕೊಡ್ರಿ."

ಅವನು ಸುತ್ತ ನೋಡಿ, ಗೂಟದ ಮೇಲಿದ್ದ ಹಳೆಯ ಬನಿಯನ್ ತೆಗೆದುಕೊಟ್ಟ. "ಇದ್ರ ಮೇಲೆ ನೋಡ್ಕೊ."

ಕಲ್ಲಮ್ಮ ಕೆಮ್ಮುವಷ್ಟು ನಕ್ಕಳು. "ಅಳತೆ ರವಿಕೆ ಕೊಟ್ಟ ನೋಡೇ ನಿನ್ನ ಗಂಡ!"

ಹಳೆಯ, ಮೆತ್ತನೆಯ ಮಲ್ ಬಟ್ಟೆಯ ಪಂಚೆ ಹರಿದು, ಎರಡು ಪದರ ಮಾಡಿ, ಅವಳು ಸಂಜೆಯೊಳಗೆ ಒಂದು ಒಳಂಗಿ ಹೊಲಿದಳು. ಬಿಗಿ ಕಟ್ಟಿದರೆ ನೋವು ಹೆಚ್ಚಾಗುತ್ತದೆ, ಸಡಿಲ ಬಿಟ್ಟರೆ ಉಜ್ಜುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಹಾಕಿಕೊಳ್ಳುವ ಮೊದಲು ಅದನ್ನು ಒಳಮೈ ತಿರುಗಿಸಿ, ದೀಪದ ಕೆಳಗೆ ಹಿಡಿದು ಹೊಲಿಗೆ ಪರೀಕ್ಷೆ ಮಾಡಿ, ಎದೆಯ ಉಬ್ಬಿಗೆಂದು ಹಿಡಿದಿದ್ದ ಮಡಿಕೆಯ ಮೇಲೆ ಬೆರಳಿಟ್ಟ.

"ಈ ಡಾಟು ಯಾಕೆ ಓರೆ ಹಿಡಿದೀಯ?"

"ನೇರ ಹಿಡಿದ್ರೆ ಒತ್ತುತೈತೆ. ಮೈ ನೇರ ಇರಲ್ಲ ರೀ."

ಹಾಕಿಕೊಂಡು, ಮೇಲೆ ಅಂಗಿ ತೊಟ್ಟು, ಬಗ್ಗಿ ನೋಡಿದ. ಇನ್ನೊಮ್ಮೆ ಬಗ್ಗಿದ. ಆಮೇಲೆ ಕೈ ಚಾಚಿದ. ಅವಳು ಒಂದು ಗುಳಿಗೆ ಇಟ್ಟಳು. ಅವನು ಅವಳ ಎದುರೇ ನುಂಗಿ, ಬಾಯಿ ತೆರೆದು ತೋರಿಸಿದ, ಮಕ್ಕಳು ತೋರಿಸುವ ಹಾಗೆ.

ಸೊಂಟ ಮತ್ತೆ ಹಗುರಾಗುವಷ್ಟರಲ್ಲಿ ಊರಿಗೆ ಸುದ್ದಿ ಹಬ್ಬಿತ್ತು. ಹಬ್ಬಿದ್ದು ನಾಗರಾಜಪ್ಪನ ತಪ್ಪಿನಿಂದಲೇ. ಗುಳಿಗೆ ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿಯನ್ನು ಓದಿ ಹೇಳು ಎಂದು ಕಾಲೇಜು ಕಲಿತ ಗೆಳೆಯನಿಗೆ ಕೊಟ್ಟಿದ್ದ, ಆ ಗೆಳೆಯ ಅದನ್ನು ಹೋಟೆಲಿನಲ್ಲಿ ಗಟ್ಟಿಯಾಗಿ ಓದಿದ್ದ. ಊರ ಬಾಯಿಗೆ ಬೀಗ ಹಾಕುವವರುಂಟೇ? ಚನ್ನಗಿರಿ ಬಸ್ಸು ದಿನಕ್ಕೆ ನಾಲ್ಕು ಸಲ ಓಡಾಡುತ್ತಿತ್ತು, ಮಾತೂ ಅದರಲ್ಲೇ ಹತ್ತಿ ಹೋಯಿತು.

ದಸರೆ ಮುಗಿದು ದೀಪಾವಳಿ ಬಟ್ಟೆಯ ಗಲಾಟೆ ಶುರುವಾದ ದಿನಗಳಲ್ಲಿ, ಒಂದು ಬೆಳಿಗ್ಗೆ ಮಹೇಶ್ವರಪ್ಪ ಹೇಳದೆ ಕೇಳದೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂತ. ಅಳತೆ ಕೊಡಲು ಬಂದವರು ಇನ್ನೂ ನಾಲ್ಕೈದು ಜನರಿದ್ದರು. ಶಿವಗಂಗಮ್ಮ ಪರದೆಯ ಸಂದಿಯಿಂದ ಅವನಿಗೆ ಕಾಫಿ ಕೊಟ್ಟು, ಅಲ್ಲೇ ಹಿಂದೆ ನಿಂತು ಕೇಳಿದಳು.

"ನಿಮ್ಮ ಆರೋಗ್ಯ ಹೆಂಗೈತೆ ಬೀಗರೇ?"

"ಅಡ್ಡಿ ಇಲ್ಲ."

"ಹೆಣ್ಣು ಕೊಡೋ ಮನೆ, ಕೇಳಾದು ತಪ್ಪು ಅಂತ ತಿಳ್ಕಾಬ್ಯಾಡ್ರಿ. ಏನೇನೋ ಮಾತು ಬರ್ತವೆ. ಅದೇನೋ ಹೆಂಗಸ್ರ ಗುಳಿಗೆ ಅಂತ..."

"ಬಿಪಿ ಗುಳಿಗೆ ಮಾವ ಅದು" ಎಂದು ನಾಗರಾಜಪ್ಪ ಅವಸರದಲ್ಲಿ ಬಾಯಿ ಹಾಕಿದ. "ಜನ ಏನು ಬೇಕಾದ್ರೂ ಆಡ್ಕಂತಾರೆ."

ಪಂಚಾಕ್ಷರಪ್ಪ ಕೈಯಲ್ಲಿದ್ದ ಬಟ್ಟೆ ಮಡಿಸತೊಡಗಿದ. ಸಂದಿಯಿಂದ ಶಿವಗಂಗಮ್ಮನಿಗೆ ಅವನ ಕತ್ತು ಕಾಣುತ್ತಿತ್ತು, ಅದು ಕೆಂಪೇರುತ್ತಿತ್ತು. ಸೆಕೆ ಎದ್ದಿದೆ ಎಂದು ಅವಳಿಗೆ ತಿಳಿಯಿತು. ಬೆವರು ಅವನ ಅಂಗಿಯನ್ನು ತೋಯಿಸುವುದನ್ನು, ಅಂಗಿ ಮೈಗಂಟುವುದನ್ನು, ಬೆಂಚಿನವರ ಕಣ್ಣು ಅಲ್ಲಿಗೇ ಹೋಗುವುದನ್ನು ನೋಡಿದಳು. ಇವತ್ತು ಈ ಸುಳ್ಳು ನಿಂತರೆ ನಾಳೆ ಗುಳಿಗೆ ಮತ್ತೆ ಗುಂಡಿ ಡಬ್ಬಿ ಸೇರುತ್ತದೆ. ಸುಳ್ಳಿಗೆ ತಕ್ಕ ಹಾಗೆ ಮೈಯನ್ನೂ ಇಟ್ಟುಕೊಳ್ಳಬೇಕಾಗುತ್ತದಲ್ಲ.

ಅವಳು ಒಂದು ಲೋಟ ನೀರು, ತಟ್ಟೆಯಲ್ಲಿ ಒಂದು ಗುಳಿಗೆ, ತನ್ನ ಬೀಸಣಿಗೆ ತೆಗೆದುಕೊಂಡು ಪರದೆ ಸರಿಸಿ ಅಂಗಡಿಗೆ ಬಂದಳು. ಬೆಂಚಿನವರು ಕಾಲು ಸರಿಸಿ ದಾರಿ ಬಿಟ್ಟರು.

"ಗುಳಿಗೆ ಹೊತ್ತಾತು" ಎಂದಳು. "ನಮಸ್ಕಾರ ಬೀಗರೇ. ಇದು ಬಿಪಿದಲ್ಲ. ಮೂಳೆಗೆ ಇಳಿದ ಕ್ಯಾನ್ಸರಿಗೆ ಕೊಟ್ಟಿರಾದು. ಇದಿಲ್ದಿದ್ರೆ ಇವರು ಇಷ್ಟೊತ್ತಿಗೆ ಹಾಸಿಗೆ ಹಿಡೀತಿದ್ರು."

"ಅವ್ವಾ!" ಎಂದ ನಾಗರಾಜಪ್ಪ.

ಪಂಚಾಕ್ಷರಪ್ಪ ಹೆಂಡತಿಯನ್ನು ನೋಡಿದ, ತಟ್ಟೆಯನ್ನು ನೋಡಿದ. ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡು ಲೋಟ ಪೂರ್ತಿ ನೀರು ಕುಡಿದ. ಆಮೇಲೆ, ಯಾರೂ ಹೇಳದೆ, ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿ ಅದನ್ನು ಮಿಷಿನ್ ಮೇಲೆ ಹಾಕಿದ. ಒಳಂಗಿಯನ್ನೂ ಬಿಚ್ಚಿದ. ಕೊರಳಲ್ಲಿದ್ದ ಟೇಪು ತೆಗೆದು ಹೆಂಡತಿಯ ಕೈಗೆ ಕೊಟ್ಟ.

"ಕದ್ದು ಕದ್ದು ನೋಡ್ತಾರೆ ಎಲ್ಲಾರೂ. ಅಳತೆ ತಗೋ. ಗಟ್ಟಿಯಾಗಿ ಹೇಳು, ಬೆಂಚಿಗೂ ಕೇಳ್ಲಿ."

ಅವಳು ಬೆನ್ನ ಹಿಂದಿನಿಂದ ಟೇಪು ತಂದು, ನೋಯದಂತೆ ನಡುವೆ ಒಂದು ಬೆರಳು ಇಟ್ಟುಕೊಂಡು, ಸೇರಿಸಿದಳು.

"ಎದೆ ನಲವತ್ತೊಂದು."

"ಹೋದ ವರ್ಷ ಮೂವತ್ತೇಳಿತ್ತು" ಎಂದ ಅವನು ಬೆಂಚಿಗೆ. ಮಗನ ಕಡೆ ತಿರುಗಿದ. "ಬರ್ಕೊಳ್ಳೋ."

ನಾಗರಾಜಪ್ಪ ಅಳತೆ ಪುಸ್ತಕದ ಮೇಲೆ ತಲೆ ತಗ್ಗಿಸಿ ನಿಂತಿದ್ದ, ಪೆನ್ಸಿಲು ಕಿವಿಯ ಮೇಲೇ ಇತ್ತು.

"ಬರಿಯೋ ಅಂದೆ! ಸುಳ್ಳು ಅಳತೆ ಬರೆದ್ರೆ ಅಂಗಿ ಹರೀತೈತೆ. ಇಷ್ಟು ವರ್ಷ ಏನ್ ಕಲ್ಸಿದೀನಿ ನಿಂಗೆ?"

ನಾಗರಾಜಪ್ಪ ಬರೆದ. ಮಹೇಶ್ವರಪ್ಪ ಅರ್ಧ ಕುಡಿದ ಕಾಫಿ ಇಟ್ಟು, "ಮನೇಲಿ ಮಾತಾಡಿ ತಿಳಿಸ್ತೀನಿ" ಎಂದು ಎದ್ದು ಬಸ್ಸಿಗೆ ಹೋದ. ಬೆಂಚಿನಲ್ಲಿ ಇಬ್ಬರು ಕರಗಿದರು, ಮೂವರು ಅಳತೆ ಕೊಟ್ಟೇ ಹೋದರು.

"ಆತಲ್ಲ? ಸಮಾಧಾನ ಆತಾ ಇಬ್ಬರಿಗೂ?" ಎಂದು ಕೂಗಾಡಿದ ಮಗ.

"ಆತು" ಎಂದ ಪಂಚಾಕ್ಷರಪ್ಪ. ಶಿವಗಂಗಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೀಸಿಕೊಳ್ಳುತ್ತಿದ್ದಳು. ಅವಳಿಗೂ ಸೆಕೆ ಎದ್ದಿತ್ತು. ಒಳಗೆ ಹೋಗು ಎಂದು ಯಾರೂ ಅವಳಿಗೆ ಹೇಳಲಿಲ್ಲ, ಅವಳಾಗಿ ಹೋಗಲೂ ಇಲ್ಲ. ಮರುದಿನ ಕೈಮಿಷಿನ್ನು ಅಂಗಡಿಗೆ ಬಂತು. ಊದಿದ ಕಾಲಿನಲ್ಲಿ ತುಳಿಯಲಾಗದ ದಿನ ಅವನು ಅದರಲ್ಲೇ ಕಾಲರ್ ಹೊಲಿದ.

ಹದಿನೆಂಟು ದಿನ ಚನ್ನಗಿರಿಯಿಂದ ಸುದ್ದಿ ಇಲ್ಲ. ನಾಗರಾಜಪ್ಪ ತಟ್ಟೆಗೆ ಬಿದ್ದದ್ದನ್ನು ತಿಂದು ಏಳುತ್ತಿದ್ದ. "ಹೋದ್ರೆ ಹೋಗ್ಲಿ ಬಿಡೋ, ಹೆಣ್ಣಿಗೇನು ಬರವೇ" ಎಂದು ಕಲ್ಲಮ್ಮ ಅಂದರೆ ಅವಳ ಮೇಲೂ ಸಿಡಿಮಿಡಿ. ಶಿವಗಂಗಮ್ಮ ಮಗನ ಮುಖ ನೋಡಿ ಅವನಿಗೆ ಒಂದು ರೊಟ್ಟಿ ಹೆಚ್ಚು ಬಡಿಸುತ್ತಿದ್ದಳು. ಆದರೂ ಗುಳಿಗೆ ಹೊತ್ತಿಗೆ ತಟ್ಟೆ ಹಿಡಿದು ಅಂಗಡಿಯ ನಡುವೆಯೇ ನಿಲ್ಲುತ್ತಿದ್ದಳು.

ಹತ್ತೊಂಬತ್ತನೇ ದಿನ ಬಸ್ಸಿನ ಕಂಡಕ್ಟರು ಒಂದು ಗಂಟು ಕೊಟ್ಟುಹೋದ. ಬಿಚ್ಚಿದರೆ ಆರು ತುಂಡು ಹೊಸ ರವಿಕೆ ಬಟ್ಟೆ, ಅದರ ಮೇಲೆ ಒಗೆದು ಮಡಿಸಿದ ಒಂದು ಹಳೆಯ ರವಿಕೆ, ಒಂದು ಚೀಟಿ. ನಾಗರಾಜಪ್ಪ ಓದಿದ: "ಸುಳ್ಳು ಅಳತೆ ಬರೆಯದ ಅಂಗಡಿಗೆ ಮಗಳ ಅಳತೆ ರವಿಕೆ ಕಳಿಸಿದ್ದೇನೆ. ತೋಳು ಸ್ವಲ್ಪ ಸಡಿಲ ಇರಲಿ. ನಿಶ್ಚಿತಾರ್ಥಕ್ಕೆ ದಿನ ನೋಡಿಸಿರಿ. ಮಹೇಶ್ವರಪ್ಪ." ಓದಿ ಮುಗಿಸಿದವನು ಅಳತೆ ಪುಸ್ತಕ ತೆರೆದು, ಏನೂ ಬರೆಯುವುದಿರಲಿಲ್ಲವಾದರೂ, ಅದರೊಳಗೆ ಮುಖ ಹುದುಗಿಸಿದ.

ಶಿವಗಂಗಮ್ಮ ರವಿಕೆಗೆ ಕೈ ಚಾಚುವಷ್ಟರಲ್ಲಿ ಪಂಚಾಕ್ಷರಪ್ಪ ಅದನ್ನು ಎತ್ತಿಕೊಂಡಿದ್ದ. ಕತ್ತರಿ ತುದಿಯಿಂದಲ್ಲ, ಎರಡು ಕೈಯಲ್ಲಿ. ಒಳಮೈ ತಿರುಗಿಸಿ ಬೆಳಕಿಗೆ ಹಿಡಿದ.

"ಯಾವನೋ ಹೊಲಿದೋನು? ಡಾಟು ನೇರ ಹಿಡಿದವ್ನೆ. ಒತ್ತುತೈತೆ ಪಾಪ ಆ ಹುಡುಗಿಗೆ."

"ನಿಮಗೆ ಹೆಂಗೆ ಗೊತ್ತು?" ಎಂದಳು ಶಿವಗಂಗಮ್ಮ.

"ಹೊತ್ಕಂಡು ತಿರುಗ್ತಿದೀನಲ್ಲ" ಎಂದ ಅವನು. ಅಂಗಿ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಪೇಟೆ ಬೀದಿಗೆ ಕಾಣುವಂತೆ ಹಲಗೆಯ ಮೇಲೆ ರವಿಕೆ ಬಟ್ಟೆ ಹರಡಿದ. "ಸುಣ್ಣದ ಕಡ್ಡಿ ಕೊಡು. ಓರೆ ಎಷ್ಟು ಹಿಡೀಬೇಕು ಅಂತ ನೀನೇ ತೋರಿಸು."